ಸಂಜೆ ಕೇಳಿದ ಕೆಂಡ

ಮೈ ಬೆಚ್ಚಗೆ ಮಾಡಿಕೊಳ್ಳಲು ಕೋಲ್ಡ್ ಸ್ಟೋರೇಜಿನೊಳಗೆ ಹೋಗಿ ನಿಂತ ಮನುಷ್ಯನನ್ನು ನೀವು ನೋಡಿರಲಿಕ್ಕಿಲ್ಲ. ನಾನು ನಿಂತಿದ್ದೇನೆ. ಆ ದಿನ ಬೆಳಿಗ್ಗೆ ಹೊರಗಿನ ನಲ್ಲಿಯ ಬಾಯಲ್ಲಿ ನೀರು ಕಲ್ಲಾಗಿ ಜೋತುಬಿದ್ದಿತ್ತು. ಬಾಡಿಗೆ ಕೋಣೆಯಲ್ಲಿ ಕುಡಿಯಲೆಂದು ತುಂಬಿಟ್ಟ ತಂಬಿಗೆಯ ಮೇಲೆ ಗಾಜಿನಂಥ ಪದರು ಕಟ್ಟಿತ್ತು. ಸೇಬು ಇಡುವ ಕೋಣೆಯೊಳಗೆ ಮಾತ್ರ ಸೊನ್ನೆಗಿಂತ ತುಸು ಮೇಲೆ. ಬಾಗಿಲು ಸರಿಸಿ ಒಳಗೆ ಕಾಲಿಟ್ಟರೆ, ನಂಬಿ, ಹಿತವೆನಿಸಿತು. ಸೇಬಿನ ಪೆಟ್ಟಿಗೆಗಳ ನಡುವೆ ಕೈ ಉಜ್ಜಿಕೊಳ್ಳುತ್ತ ನಿಂತೆ. ಇಂಡಿ ತಾಲೂಕಿನ ಲಚ್ಯಾಣದಲ್ಲಿ ಹುಟ್ಟಿದವನು, ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಒದ್ದೆ ಚಾದರ ಹೊದ್ದು ಮಲಗಿ ಬೆಳೆದವನು, ಸೇಬಿನ ಆಸರೆಗೆ ಬಂದು ನಿಂತಿದ್ದೆ.

ಇದು ಶಿಮ್ಲಾದಿಂದ ಬಸ್ಸಿನಲ್ಲಿ ಅರ್ಧ ದಿನದಷ್ಟು ಮೇಲಕ್ಕಿರುವ ಒಂದು ಹಳ್ಳಿ. ಮೊದಲು ನಾನು ನಮ್ಮ ಜಿಲ್ಲೆಯಲ್ಲೇ ಮಣೂಕ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದೆ. ದ್ರಾಕ್ಷಿ ಒಣಗಿಸಿದ ಚಡಚಣದ ರೈತರು ಟೆಂಪೋ ತುಂಬಿಕೊಂಡು ಬಂದು, ಕನ್ನಡದಲ್ಲಿ ಬೈದು ಮರಾಠಿಯಲ್ಲಿ ಚೌಕಾಶಿ ಮಾಡಿ ಹೋಗುತ್ತಿದ್ದರು. ಅಲ್ಲಿ ನನ್ನ ಕೆಲಸ ಬಿಸಿಲನ್ನು ಹೊರಗೆ ತಡೆಯುವುದಾಗಿತ್ತು. ಇಲ್ಲಿ ಹೆಚ್ಚು ಪಗಾರ ಕೊಡುತ್ತೇವೆಂದು ಕರೆದರು, ಬಂದೆ. ಇಲ್ಲಿಯೂ ಅದೇ ಯಂತ್ರ, ಅದೇ ಸಪ್ಪಳ. ಬೇರೆಯೇನೆಂದರೆ, ಅಲ್ಲಿ ಕೆಲಸ ಮುಗಿಸಿ ಹೊರಬಂದರೆ ಬೆವರುತ್ತಿದ್ದೆ, ಇಲ್ಲಿ ನಡುಗುತ್ತೇನೆ.

ನಮ್ಮಲ್ಲಿ ಮನೆ ಕಟ್ಟುವುದೇ ಬಿಸಿಲನ್ನು ಹೊರಗಿಡಲಿಕ್ಕೆ. ಮೊಳದಗಲದ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಹೊಗೆ ಹೋಗಲು ನೆತ್ತಿಯಲ್ಲೊಂದು ಬೆಳಕಿಂಡಿ. ಬೆಂಕಿಯೆಂದರೆ ರೊಟ್ಟಿಗೆ ಮತ್ತು ಜಳಕದ ನೀರಿಗೆ. ಮನೆಯನ್ನೇ ಕಾಯಿಸುವುದೆಂಬ ವಿಚಾರ ನಮ್ಮ ಸಿಂದಗಿ, ಬಸವನ ಬಾಗೇವಾಡಿ ಕಡೆಯವರಿಗೆ ಹೇಳಿದರೆ, ಇವನಿಗೆ ತಲೆ ಕೆಟ್ಟಿದೆ ಎಂದಾರು. ಇಲ್ಲಿ ಕಟ್ಟಿಗೆಯ ಗೋಡೆ, ಗಿಡ್ಡ ಬಾಗಿಲು, ಅಂಗೈಯಗಲದ ಕಿಟಕಿ. ಕೋಣೆಯ ನಡುವೆ ಒಂದು ಕಬ್ಬಿಣದ ಪೆಟ್ಟಿಗೆ, ಅದರ ಬೆನ್ನಿನಿಂದ ಛಾವಣಿಗೆ ಏರಿದ ಕೊಳವೆ. ಅದಕ್ಕೆ ಇವರು 'ತಂದೂರ್' ಅನ್ನುತ್ತಾರೆ. ಢಾಬಾದ ರೊಟ್ಟಿಯ ತಂದೂರಲ್ಲ. ಒಳಗೆ ಕಟ್ಟಿಗೆ ತುಂಬಿ ಬಾಯಿ ಮುಚ್ಚಿದರೆ ಇಡೀ ಕೋಣೆ ಬೆಚ್ಚಗಾಗುತ್ತದೆ, ಹೊಗೆಯೆಲ್ಲ ಕೊಳವೆಯ ದಾರಿ ಹಿಡಿದು ಮೇಲಕ್ಕೆ ಹೋಗುತ್ತದೆ. ನನ್ನ ಕೋಣೆಯಲ್ಲೂ ಒಂದಿತ್ತು. ಯಂತ್ರ ಬಲ್ಲವನೆಂಬ ಸೊಕ್ಕಿನಲ್ಲಿ ನಾನು ಅದರ ಮೇಲೆ ಪಾತ್ರೆ ಬೋರಲು ಹಾಕಿ, ಶಿಮ್ಲಾದಿಂದ ಕರೆಂಟಿನ ಹೀಟರ್ ತಂದುಕೊಂಡೆ.

ಹೀಟರ್ ಕೂಡಿಸಿದ ಕಡೆ ಮಾತ್ರ ಸುಡುತ್ತಿತ್ತು. ಮುಂದೆ ಮುಖ ಬಿಸಿಯಾದರೆ ಹಿಂದೆ ಬೆನ್ನು ಮಂಜು. ತಿಂಗಳ ಬಿಲ್ಲು ಬಂದಾಗ ಪಗಾರದ ಮೂರನೆಯ ಪಾಲು ಅದೇ ನುಂಗಿತ್ತು. ಊರಿಗೆ ಕಳಿಸಲೆಂದು ಬಂದವನು ಥಂಡಿಗೆ ಕೊಟ್ಟು ಕೂತಿದ್ದೆ. ಬೋರಲು ಹಾಕಿದ್ದ ಪಾತ್ರೆ ಎತ್ತಿದೆ.

ಕಟ್ಟಿಗೆಯ ವಿಷಯದಲ್ಲಿ ನಾನು ತೀರ ಹೊಸಬನಲ್ಲ. ತೊಗರಿ ಕಟ್ಟಿಗೆ ಹೇಗೆ ಭಗ್ಗನೆ ಹತ್ತಿ ಬೇಗ ಸಾಯುತ್ತದೆ, ಜಾಲಿ ಹೇಗೆ ತಡವಾಗಿ ಹತ್ತಿ ದೊಡ್ಡ ಕೆಂಡ ಬಿಡುತ್ತದೆ, ಸಗಣಿ ತಟ್ಟಿ ಒಣಗಿಸಿದ ಕುಳ್ಳು ಹೇಗೆ ಮಾತಾಡದೆ ಸಂಜೆಯವರೆಗೆ ಉರಿಯುತ್ತದೆ, ಇವೆಲ್ಲ ಆಯಿಯ ಒಲೆಯ ಮುಂದೆ ಕೂತು ಕಲಿತದ್ದು. ಆಯಿ ಎಂದರೆ ನಮ್ಮಪ್ಪನ ತಾಯಿ. ಆದರೆ ಇಲ್ಲಿಯ ದೇವದಾರು, ಬಾನ್ ಎನ್ನುವ ಓಕ್, ಸೇಬಿನ ಟೊಂಗೆ, ಇವುಗಳ ಸ್ವಭಾವ ನನಗೆ ಗೊತ್ತಿರಲಿಲ್ಲ. ಡಿಪೋದಿಂದ ತರಿಸಿದ ಒಂದು ಗಾಡಿ ಕಟ್ಟಿಗೆ ಹಸಿಯಿತ್ತು. ತಂದೂರಿಗೆ ಹಾಕಿದರೆ ಅದು ಉರಿಯಲಿಲ್ಲ, ಬುಸುಗುಟ್ಟುತ್ತ ತುದಿಯಿಂದ ನೊರೆ ಕಾರಿತು.

ಪಕ್ಕದ ಮನೆಯ ಸತ್ಯಾದೇವಿ ಬೇಲಿಯಾಚೆಯಿಂದ ಇದನ್ನೆಲ್ಲ ನೋಡುತ್ತಿದ್ದಳು. ನಮ್ಮವ್ವನ ವಯಸ್ಸಿನವಳು. ಗಂಡ ಟ್ರಕ್ಕಿನ ಮೇಲೆ ಊರೂರು ತಿರುಗುವವನು, ಮನೆಯಲ್ಲಿ ಅವಳು, ಎರಡು ಆಕಳು. ಒಂದು ಮಧ್ಯಾಹ್ನ ಕೇಳದೆಯೇ ಒಳಗೆ ಬಂದಳು. ಕಟ್ಟಿಗೆಯ ಎರಡು ತುಂಡು ಒಂದಕ್ಕೊಂದು ಬಡಿದು ಸಪ್ಪಳ ಕೇಳಿಸಿದಳು. ಡಬ್ ಎಂದರೆ ಹಸಿ, ಟಣ್ ಎಂದರೆ ಒಣಗಿದ್ದು. ಹಸಿಯದನ್ನು ಸೀಳಿ, ತೊಗಟೆ ಮೇಲೆ ಮಾಡಿ, ಗಾಳಿ ಆಡುವಂತೆ ಒಟ್ಟಬೇಕು. ಹೊತ್ತಿಸಲು ಸೇಬಿನ ಕಡ್ಡಿ, ಮೇಲೆ ದೇವದಾರು, ಕೊನೆಗೆ ಬಾನ್.

"ದುಡ್ಡು ಸುಡಬೇಡ ಬೇಟಾ, ಕಟ್ಟಿಗೆ ಸುಡು," ಎಂದು ಹೀಟರನ್ನು ಕಾಲಿನಿಂದ ಮೂಲೆಗೆ ನೂಕಿದಳು.

ಅವಳ ಹಿಂದಿ ಪಹಾಡಿ ಬೆರೆತದ್ದು, ನನ್ನದು ವಿಜಾಪುರದ ಬಜಾರಿನದು. ಅರ್ಧ ಕೈಸನ್ನೆಯಲ್ಲೇ ನಡೆಯುತ್ತಿತ್ತು. ಆದರೂ ಇಡೀ ಹಳ್ಳಿಯಲ್ಲಿ ಕೆಲಸದ ಹೊರತಾಗಿ ನನ್ನ ಜೊತೆ ಮಾತಾಡಿದ ಮೊದಲ ಜೀವ ಅವಳು. ಆ ತಿಂಗಳು ಹೀಟರ್ ಹಚ್ಚಲೇ ಇಲ್ಲ. ಕೋಣೆ ಬೆಚ್ಚಗಾಯಿತು, ಉಳಿದ ದುಡ್ಡು ಊರಿಗೆ ಹೋಯಿತು.

ಇನ್ನು ಹೆಂಡತಿಯ ಮಾತು ಹೇಳಬೇಕು. ದಾನಮ್ಮ ಮುದ್ದೇಬಿಹಾಳ ತಾಲೂಕಿನವಳು. ಮಗಳು ಗೌರಿಗೆ ಇನ್ನೂ ಸಾಲಿಗೆ ಹೋಗುವ ವಯಸ್ಸಾಗಿಲ್ಲ. ಅವರಿಬ್ಬರನ್ನು ಇಲ್ಲಿಗೆ ಕರೆತರಬೇಕೆಂಬುದೊಂದೇ ಆಗ ನನ್ನ ಆಸೆ. ನಾಲ್ಕು ಗೋಡೆ ನೋಡುತ್ತ ಒಬ್ಬನೇ ಮೆಕ್ಕೆಜೋಳದ ರೊಟ್ಟಿ ತಿನ್ನುವುದು ಸಾಕಾಗಿತ್ತು. ಜೋಳದ ಹಿಟ್ಟು ಇಲ್ಲಿ ಸಿಗುವುದಿಲ್ಲ, ಸಿಕ್ಕರೂ ತಟ್ಟುವ ಕೈ ನನ್ನದಲ್ಲ. ಕೆಲವು ಭಾನುವಾರ ಬಾಯಿ ತೆರೆಯದೆ ಸಂಜೆಯಾಗುತ್ತಿತ್ತು, ಆಗ ನನ್ನ ದನಿ ಇದೆಯೋ ಇಲ್ಲವೋ ನೋಡಲು ಕೆಮ್ಮುತ್ತಿದ್ದೆ.

"ಮನಿ ಈಗ ಬೆಚ್ಚಗ ಆಗೈತಿ, ಬರ್ರಿ," ಎಂದೆ ಫೋನಿನಲ್ಲಿ.

"ಬಾಜೂ ಮನಿಯವ್ರು ಹೆಂಗ ಅದಾರ?" ಎಂದಳು.

"ಥಂಡಿ ಕೇಳೂದ ಬಿಟ್ಟು ಬಾಜೂ ಮನಿ ಕೇಳ್ತೀಯಲ್ಲ."

"ಥಂಡಿ ಅಂದ್ರ ಕಂಬಳಿ ಹೊತ್ಕೋತೇನಿ. ನೀವು ಮುಂಜಾನೆ ಹೋದವ್ರು ಸಂಜೀಕ ಬರ್ತೀರಿ. ಮಾತಾಡಾಕ ಮಂದಿ ಇಲ್ಲಂದ್ರ ಏನ್ ಹೊತ್ಕೊಳ್ಳಿ?"

"ಒಬ್ಬಾಕಿ ಅದಾಳ. ಭಾಳ ಚಲೋ ಮನಶಾಳು."

"ಹಂಗಂದ್ರ ನೋಡ್ತೇನಿ," ಎಂದಳು. ಸಂಕ್ರಮಣ ಕಳೆಯಲಿ ಎಂದಳು. ನಾನು ಆ ರಾತ್ರಿ ತಂದೂರಿಗೆ ಎರಡು ತುಂಡು ಹೆಚ್ಚು ಹಾಕಿ ಮಲಗಿದೆ.

ಕೆಡಿಸಿದವನು ನಾನೇ. ಹಿಮ ಬಿದ್ದ ಒಂದು ಸಂಜೆ. ದೇವರ ಮುಂದೆ ದೀಪ ಹಚ್ಚಿ ಕೂತಿದ್ದೆ. ಬಾಗಿಲು ಬಡಿಯಿತು. ಸತ್ಯಾದೇವಿ, ಕೈಯಲ್ಲಿ ಕಬ್ಬಿಣದ ಸಲಿಕೆ, ಕಂಕುಳಲ್ಲಿ ಒಂದು ಚೂರು ಚೀಡದ ಕಟ್ಟಿಗೆ. ಚೀಡ್ ಎಂದರೆ ಪೈನ್ ಮರ, ಅಂಟು ತುಂಬಿದ ಅದರ ಚೂರು ಎಣ್ಣೆಯಂತೆ ಹತ್ತುತ್ತದೆ.

"ಬೇಟಾ, ಕೊಟ್ಟಿಗೆಯಲ್ಲಿ ತಡವಾಯಿತು, ತಂದೂರ್ ಆರಿಹೋಗಿದೆ. ಸ್ವಲ್ಪ ಕೆಂಡ ಕೊಡು."

ಕಡ್ಡಿಪೆಟ್ಟಿಗೆ ಅವಳ ಮನೆಯಲ್ಲೂ ಇತ್ತು. ಆದರೆ ಹಿಮದ ದಿನ ತಣ್ಣಗಾದ ಕಟ್ಟಿಗೆಗೆ ಕಡ್ಡಿಯ ಉರಿ ಸಾಲದು, ಕೆಂಡವೇ ಬೇಕು. ನನ್ನ ಮುಖದಲ್ಲಿ ಅದೇನು ಕಂಡಳೋ, ಹೊಸ್ತಿಲಲ್ಲೇ ನಿಂತಳು. ನನ್ನ ತಲೆಯೊಳಗೆ ಆಯಿ ಮಾತಾಡುತ್ತಿದ್ದಳು: ದೀಪಾ ಹಚ್ಚಿದ ಮ್ಯಾಲ ಮನಿಯಾಗಿನ ಬೆಂಕಿ ಹೊರಗ ಕೊಡಬಾರದು, ಲಕ್ಷ್ಮಿ ಎದ್ದು ಹೋಗ್ತಾಳ. ಉಪ್ಪು, ಮೊಸರು, ಬೆಂಕಿ, ಮೂರೂ ಹಾಗೆ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆಂಡತಿ ಮಗು ಮನೆಗೆ ಬರುವ ಕಾಲ, ಅದೇ ಹೊತ್ತಿಗೆ ಮನೆಯ ಬೆಂಕಿ ಹೊರಗೆ ಕಳಿಸುವುದೇ ಎಂದು ಎದೆ ಹಿಂಜರಿಯಿತು. ಹಿಂದಿಯಲ್ಲಿ ಇಷ್ಟೆಲ್ಲ ಹೇಳಲು ಬರಲಿಲ್ಲ.

"ಈಗ ಆಗುವುದಿಲ್ಲ. ಬೆಳಿಗ್ಗೆ," ಎಂದೆ.

ಅವಳು ನನ್ನ ಹಿಂದೆ ಕೆಂಪಗೆ ಉರಿಯುತ್ತಿದ್ದ ತಂದೂರನ್ನು ನೋಡಿದಳು. ಆಮೇಲೆ ನನ್ನನ್ನು. ಹಿಮದಲ್ಲಿ ತನ್ನದೇ ಹೆಜ್ಜೆಗುರುತು ತುಳಿಯುತ್ತ ಹೋದಳು.

ಬೆಳಿಗ್ಗೆ ನಾನು ಕೆಂಡ ತೆಗೆದಿಟ್ಟುಕೊಂಡು ಕಾದೆ. ಬರಲಿಲ್ಲ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ, ಇವತ್ತಲ್ಲ ನಾಳೆ ಬೇಲಿಯ ಹತ್ತಿರ ಸಿಗುತ್ತಾಳೆ ಎಂದುಕೊಂಡೆ. ಸಿಕ್ಕಳು. ಆಕಳಿನ ಕಡೆ ಮುಖ ತಿರುಗಿಸಿ ಹೋದಳು. ಹಾಲಿನ ಅಂಗಡಿಯವನು ನನ್ನ ನಮಸ್ಕಾರ ತೆಗೆದುಕೊಳ್ಳಲಿಲ್ಲ. ಸೇಬಿನ ಗಿಡ ಸವರುವ ಕಾಲ ಬಂತು. ಇಲ್ಲಿ ಅದಕ್ಕೆ 'ಬುವಾರಾ' ಎಂಬ ಪದ್ಧತಿಯಿದೆ, ನಮ್ಮ ಮುಯ್ಯಾಳಿನ ಹಾಗೆ. ಇವತ್ತು ನಿನ್ನ ತೋಟಕ್ಕೆ ಎಲ್ಲರೂ, ನಾಳೆ ನನ್ನ ತೋಟಕ್ಕೆ ಎಲ್ಲರೂ. ಕೈ ಹಚ್ಚಿದವರೆಲ್ಲ ಸಂಜೆ ಸವರಿದ ಟೊಂಗೆಗಳ ಹೊರೆ ಮನೆಗೆ ಒಯ್ಯುತ್ತಾರೆ, ಬರುವ ಚಳಿಗಾಲಕ್ಕೆ ಪುಕ್ಕಟೆ ಉರುವಲು. ಮೇಲಿನ ತೋಟದಲ್ಲಿ ಜನ ನಗುವುದು ಕೇಳುತ್ತಿತ್ತು. ನನ್ನನ್ನು ಯಾರೂ ಕರೆಯಲಿಲ್ಲ. ರಜೆಯ ದಿನ ಕೊಡಲಿ ಹಿಡಿದುಕೊಂಡು ಹೊರಗೆ ನಿಂತೆ, ಕಾಣಲಿ ಎಂದು. ಕಂಡಿತು, ಆದರೂ ಕರೆಯಲಿಲ್ಲ. ಕೋಣೆ ಬೆಚ್ಚಗಿತ್ತು, ಒಟ್ಟಿದ ಕಟ್ಟಿಗೆ ಟಣ್ ಎನ್ನುತ್ತಿತ್ತು, ನನಗೆ ಅಳು ಬರುವಂತಾಗುತ್ತಿತ್ತು. ಬೆಚ್ಚಗಿರುವ ಕೋಣೆಯಲ್ಲಿ ಒಂಟಿತನ ಇನ್ನೂ ಹೆಚ್ಚು. ನಡುಗುವಾಗ ನಡುಗುವುದೊಂದು ಕೆಲಸವಾದರೂ ಇರುತ್ತದೆ.

ಕಡೆಗೆ ಕೆಲಸದ ಜೊತೆಗಾರ ರಮೇಶನನ್ನು ಕೇಳಿದೆ. ಇದೇ ಹಳ್ಳಿಯವನು, ಮುಚ್ಚುಮರೆ ಇಲ್ಲದ ಆಳು.

"ನೀನು ಸತ್ಯಾದೇವಿ ತಾಯಿಗೆ ಬೆಂಕಿ ಇಲ್ಲ ಅಂದೆಯಂತೆ," ಎಂದ. "ತಂದೂರ್ ಉರಿಯುತ್ತಿತ್ತಂತೆ."

"ಅದು ನಮ್ಮ ಪದ್ಧತಿ..."

"ನಿಮ್ಮ ಪದ್ಧತಿ ನಮಗೇನು ಗೊತ್ತು? ಇಲ್ಲಿ ಒಂದು ಮನೆಯನ್ನು ಊರಿಂದ ಹೊರಗಿಟ್ಟರೆ ಹುಕ್ಕಾ-ಪಾನಿ ಬಂದ್ ಅನ್ನುತ್ತಾರೆ. ಹುಕ್ಕಾಕ್ಕೆ ಬೇಕಾದದ್ದು ಏನು? ಕೆಂಡ. ನಿನ್ನ ಕಟ್ಟಿಗೆ ಒಟ್ಟಿಕೊಟ್ಟವಳನ್ನು ಹೊಸ್ತಿಲಲ್ಲಿ ನಿಲ್ಲಿಸಿ ಅದನ್ನೇ ಇಲ್ಲ ಅಂದೆ. ನಮ್ಮನ್ನೇ ನೀನು ಹೊರಗಿಟ್ಟೆ ಅಂತ ತಿಳಿದುಕೊಂಡರು."

ನನಗೆ ಬೆವರು ಬಂತು, ಆ ಚಳಿಯಲ್ಲಿ. ನಮ್ಮ ಹಳ್ಳಿಗಳಲ್ಲಿಯೂ ಬಹಿಷ್ಕಾರವೆಂದರೆ ಬೆಂಕಿ-ನೀರು ನಿಲ್ಲಿಸುವುದೇ. ಅರ್ಥ ಎರಡೂ ಕಡೆ ಒಂದೇ ಇತ್ತು. ಅದು ಗೊತ್ತಿದ್ದೂ ನನಗೆ ಹೊಳೆದಿರಲಿಲ್ಲ.

ಆ ಸಂಜೆ ದಾನಮ್ಮನಿಗೆ ಎಲ್ಲ ಹೇಳಿದೆ. ಹೇಳಿದರೆ ಬರುವುದು ತಪ್ಪುತ್ತದೆಂದು ಗೊತ್ತಿತ್ತು. ಹೇಳದೆ ಕರೆತಂದು ಮುಖ ತಿರುಗಿಸುವ ಊರಿನಲ್ಲಿ ಅವಳನ್ನು ಕೂಡಿಸುವುದು ಸರಿಯೆನಿಸಲಿಲ್ಲ.

"ಆಕಿ ಬರಿಗೈಲೆ ಬಂದಿದ್ದಳೇನು?" ಎಂದಳು.

"ಇಲ್ಲ. ಸಲಿಕಿ ಇತ್ತು. ಒಂದು ಚೂರು ಕಟಗಿ ಇತ್ತು."

"ಅಯ್ಯ ನನ್ನ ಶಿವನ! ಆ ಕಟಗಿ ಯಾಕ ತಂದಿದ್ಳು ತಿಳಕೊಂಡೀರಿ? ನಿಮ್ಮ ಆಯಿ ಅರ್ಧಾ ಹೇಳ್ಯಾಳೋ, ನೀವು ಅರ್ಧಾ ಕೇಳೀರೋ. ನಮ್ಮವ್ವನ ಮನಿಗೆ ಸಂಜೀ ಮುಂದ ಕೆಂಡಾ ಕೇಳಾಕ ಬಂದವ್ರು ಒಂದು ಕುಳ್ಳು ತರ್ತಿದ್ರು. ಅವ್ವ ಮೊದ್ಲ ಆ ಕುಳ್ಳು ಇಸ್ಕೊಂಡು ನಮ್ಮ ಒಲಿಗೆ ಹಾಕ್ತಿದ್ಳು, ಆಮ್ಯಾಲ ಕೆಂಡಾ ಕೊಡ್ತಿದ್ಳು. ಹಂಗ ಮಾಡಿದ್ರ ಕೊಟ್ಟಂಗಲ್ಲ, ಬದ್ಲಿ ಮಾಡಿದಂಗ. ಲಕ್ಷ್ಮಿ ಎದ್ದೂ ಹೋಗಂಗಿಲ್ಲ, ಬಾಜೂ ಮನಿಯಾಕಿ ಸಿಟ್ಟೂ ಆಗಂಗಿಲ್ಲ. ಇಲ್ಲ ಅನ್ನೂದು ಯಾವ ಊರಾಗೂ ಪದ್ಧತಿ ಅಲ್ರಿ."

ಹೌದು. ಆಗ ನೆನಪಾಯಿತು. ಆಯಿಯ ಒಲೆಯ ಬಳಿ ಒಂದು ಮೂಲೆಯಲ್ಲಿ ಬೇರೆ ಬೇರೆ ಕೈಯಚ್ಚಿನ ಕುಳ್ಳುಗಳಿರುತ್ತಿದ್ದವು. ಇವು ನಮ್ಮವಲ್ಲ ಎಂದು ಬೆರಳ ಗುರುತು ನೋಡಿಯೇ ನಾನು ಹೇಳುತ್ತಿದ್ದೆ. ಎಲ್ಲಿಂದ ಬಂದವೆಂದು ಎಂದೂ ಕೇಳಿರಲಿಲ್ಲ. ಸತ್ಯಾದೇವಿ ನಮ್ಮ ಆಯಿಯ ನೇಮವನ್ನು ಪೂರ್ತಿ ಪಾಲಿಸಿ ಬಂದಿದ್ದಳು. ಮುರಿದವನು ನಾನು.

"ಈಗೇನ್ ಮಾಡ್ಲಿ?" ಎಂದೆ.

"ನಂಗೇನ್ ಕೇಳ್ತೀರಿ? ಕೇಳಾಕ ಬಂದಾಕಿನ್ನ ಹೊಳ್ಳಿ ಕಳಿಸೀರಿ. ಈಗ ನೀವು ಹೋಗಿ ಕೇಳ್ರಿ," ಎಂದು ಫೋನಿಟ್ಟಳು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.

ಮರುದಿನ ಕೆಲಸದಿಂದ ಬಂದವನು ತಂದೂರ್ ಹೊತ್ತಿಸಲಿಲ್ಲ. ಬೂದಿಯಲ್ಲಿ ಉಳಿದಿದ್ದ ಕೆಂಡವನ್ನೂ ನೀರು ಚಿಮುಕಿಸಿ ಆರಿಸಿದೆ. ಚುಂಯ್ ಎಂದಿತು. ಕೋಣೆ ತಣ್ಣಗಾಗುವವರೆಗೆ ಕಂಬಳಿ ಹೊದ್ದು ಕೂತೆ. ಸುಳ್ಳು ಹೇಳಿ ಕೇಳಬಾರದಲ್ಲ, ನಿಜಕ್ಕೂ ಬೆಂಕಿ ಇರಬಾರದು. ಕತ್ತಲಾಗುವ ಹೊತ್ತಿಗೆ ಸಲಿಕೆ ಹಿಡಿದು, ಒಟ್ಟಿದ್ದರಲ್ಲಿ ಒಳ್ಳೆಯದೊಂದು ಬಾನ್ ತುಂಡು ಕಂಕುಳಲ್ಲಿಟ್ಟು, ಹಿಮ ದಾಟಿ ಅವಳ ಬಾಗಿಲು ಬಡಿದೆ.

ಬಾಗಿಲು ತೆರೆಯಿತು. ಒಳಗಿನ ಬಿಸಿ ಮುಖಕ್ಕೆ ಬಂತು. ನನ್ನ ಹಲ್ಲು ಕಟಕಟ ಎನ್ನುತ್ತಿದ್ದವು.

"ತಾಯಿ, ನನ್ನ ತಂದೂರ್ ಆರಿದೆ. ಸ್ವಲ್ಪ ಕೆಂಡ ಕೊಡಿ."

ಅವಳು ಸಲಿಕೆ ನೋಡಿದಳು, ತುಂಡು ನೋಡಿದಳು, ಬೇಲಿಯಾಚೆ ಹೊಗೆಯಿಲ್ಲದ ನನ್ನ ಕೊಳವೆ ನೋಡಿದಳು. ಹೊಸ್ತಿಲಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತಾಳೋ ಎಂದು ನನಗೆ ಹೆದರಿಕೆ. ನಿಲ್ಲಿಸಿದ್ದರೂ ತಪ್ಪಿರಲಿಲ್ಲ. ಆದರೆ ಅವಳು ತುಂಡು ಇಸಿದುಕೊಂಡು ತನ್ನ ತಂದೂರಿಗೆ ಹಾಕಿದಳು. ನಾನು ಒಳಗೆ ಕೂತು ಹರಕು ಹಿಂದಿಯಲ್ಲಿ ದೀಪ, ಲಕ್ಷ್ಮಿ, ಆಯಿ, ಕುಳ್ಳು ಎಲ್ಲ ಹೇಳಿದೆ. ಎಷ್ಟು ತಿಳಿಯಿತೋ. ಕೇಳುತ್ತ ಕೇಳುತ್ತ ಅವಳು ಹಣೆ ಬಡಿದುಕೊಂಡಳು.

"ನಮ್ಮ ಮನೆಯಲ್ಲೂ ಸಂಜೆ ಹಾಲು ಹೊರಗೆ ಕೊಡುವುದಿಲ್ಲ. ಕೇಳಿದರೆ ಇಲ್ಲ ಅನ್ನುವುದಿಲ್ಲ, ಕೂಡಿಸಿ ಇಲ್ಲೇ ಕುಡಿಸಿ ಕಳಿಸುತ್ತೇವೆ. ನೀನು ನನ್ನನ್ನು ಒಳಗೆ ಕರೆದು ನಿನ್ನ ಬೆಂಕಿಯ ಮುಂದೆ ಕೂಡಿಸಿದ್ದರೂ ಸಾಕಿತ್ತಲ್ಲ, ಹುಚ್ಚಾ."

ಕೆಂಡ ತುಂಬಿದ ಸಲಿಕೆ ಹಿಡಿದು ನಾನು ಮನೆಗೆ ಬರುವಾಗ ಹಿಮದ ಮೇಲೆ ಕೆಂಪು ಬೆಳಕು ನನ್ನ ಜೊತೆ ನಡೆದು ಬಂತು. ಆ ವಾರವೇ ಬುವಾರಾಕ್ಕೆ ಕರೆ ಬಂತು. ದ್ರಾಕ್ಷಿ ಸವರುವುದನ್ನು ನೋಡಿ ಬೆಳೆದ ಕೈ, ಸೇಬಿನ ಗಿಡಕ್ಕೆ ಹಾಕಿದೆ. ಎರಡನೆಯ ಟೊಂಗೆಗೇ ಎಲ್ಲರೂ ಕೂಗಿ ತಡೆದರು. ದ್ರಾಕ್ಷಿಯನ್ನು ಸವರಿದಂತೆ ಸೇಬನ್ನು ಸವರಿದರೆ ಮುಂದಿನ ವರ್ಷ ಎಲೆಯಷ್ಟೇ ತಿನ್ನಬೇಕಂತೆ. ನನಗೆ ಹೊರೆ ಕಟ್ಟುವ ಕೆಲಸ ಕೊಟ್ಟರು. ಸಂತೋಷದಿಂದ ಕಟ್ಟಿದೆ.

ಸಂಕ್ರಮಣಕ್ಕೆ ರಜೆ ಹಾಕಿ ಊರಿಗೆ ಹೋದೆ. ಸೊಲ್ಲಾಪುರದಲ್ಲಿ ರೈಲು ಇಳಿದಾಗ ಬೆಳಗಿನ ಗಾಳಿಗೆ ಜನ ಕಿವಿಗೆ ಮಫ್ಲರ್ ಸುತ್ತಿಕೊಂಡಿದ್ದರು. ನನಗೆ ಶರ್ಟಿನ ಗುಂಡಿ ಬಿಚ್ಚುವಂತಾಗಿತ್ತು. ಲಚ್ಯಾಣದಲ್ಲಿ ಕಡುಬು, ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಕನ್ನಡದ ಗದ್ದಲ. ಬಾಯಿ ತುಂಬ ಮಾತಾಡಿದೆ. ಆದರೆ ಸಂಜೆಯಾದರೆ ಮನೆಯೊಳಗೆ ಏನನ್ನೋ ಹುಡುಕುವಂತಾಗುತ್ತಿತ್ತು. ಅವ್ವ ಲೈಟರ್ ಒತ್ತಿ ಗ್ಯಾಸ್ ಹಚ್ಚುತ್ತಾಳೆ. ಓಣಿಯಲ್ಲಿ ಯಾರೂ ಯಾರ ಮನೆಗೂ ಕೆಂಡ ಕೇಳಲು ಹೋಗುವುದಿಲ್ಲ. ಸತ್ಯಾದೇವಿಯ ತಂದೂರ್ ಇವತ್ತು ಆರಿದ್ದರೆ ಬೀಗ ಹಾಕಿದ ನನ್ನ ಬಾಗಿಲು ನೋಡಿ ಎಲ್ಲಿ ಹೋದಳೋ ಎಂದುಕೊಳ್ಳುತ್ತ, ನಮ್ಮ ಕಟ್ಟೆಯ ಮೇಲೆ ನಮ್ಮವರ ನಡುವೆ ನಾನು ಪರವೂರಿನವನಂತೆ ಕೂತಿದ್ದೆ.

ದಾನಮ್ಮ ಬರುತ್ತೇನೆಂದು ಬಾಯಿಬಿಟ್ಟು ಹೇಳಲಿಲ್ಲ. ಟ್ರಂಕು ತುಂಬತೊಡಗಿದಳು. ಜೋಳದ ಹಿಟ್ಟು, ಶೇಂಗಾ ಚಟ್ನಿ, ಗೌರಿಯ ಅಂಗಿ, ಎಲ್ಲದರ ಕೆಳಗೆ ಹಳೆಯ ಸೀರೆಯಲ್ಲಿ ಸುತ್ತಿದ ಏನೋ ದುಂಡಗಿನದು. ಬಿಚ್ಚಿ ನೋಡಿದರೆ ಎರಡು ಕುಳ್ಳು.

"ರೈಲಿನಾಗ ಸಗಣಿ ಒಯ್ತಾರೇನ?" ಎಂದೆ.

"ಹೋದ ದಿನಾನ ನಿಮ್ಮ ಮನಿ ಥಂಡಗ ಇರ್ತೈತಿ. ಆಕಿ ಮನಿಗೆ ಕೆಂಡಾ ಕೇಳಾಕ ಹೋಗೂದ ಅಲ್ಲ? ಬರಿಗೈಲೆ ಹೋಗ್ಲೇನು?" ಎಂದಳು.

ಹಾಗೆಯೇ ಆಯಿತು. ನಾವು ತಲುಪಿದಾಗ ಸಂಜೆ, ಹಿಮ ಉದುರುತ್ತಿತ್ತು, ಕೋಣೆ ಕಲ್ಲಿನಂತೆ ತಣ್ಣಗಿತ್ತು. ದಾನಮ್ಮ ಗೌರಿಯನ್ನು ಕಂಬಳಿಯಲ್ಲಿ ಸುತ್ತಿ ನನ್ನ ತೊಡೆಯ ಮೇಲೆ ಕೂಡಿಸಿ, ಒಂದು ಕುಳ್ಳು ಮತ್ತು ಸಲಿಕೆ ಹಿಡಿದು ಹೊರಟಳು. ಹಿಂದಿ ಅವಳಿಗೆ ಬಾರದು. ಬೇಲಿಯಾಚೆ ಎರಡು ದನಿ ಕೇಳಿದವು, ಒಂದು ಪಹಾಡಿಯಲ್ಲಿ, ಒಂದು ಮುದ್ದೇಬಿಹಾಳದ ಕನ್ನಡದಲ್ಲಿ. ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಇಬ್ಬರೂ ಜೋರಾಗಿ ಮಾತಾಡುತ್ತಿದ್ದರು. ಆಮೇಲೆ ನಗೆ. ಕೆಂಡದ ಸಲಿಕೆ ಹಿಡಿದು ದಾನಮ್ಮ ಬಂದಳು, ಅವಳ ಹಿಂದೆ ಮಗುವಿಗೆಂದು ಹಾಲು ಹಿಡಿದುಕೊಂಡು ಸತ್ಯಾದೇವಿ. ಸಂಜೆ ಹಾಲು ಹೊರಗೆ ಕೊಡುವುದಿಲ್ಲ ಎಂದವಳು ಬಂದು, ತಾನೇ ಕೂತು ಕುಡಿಸಿದಳು.

ತಂದೂರ್ ಹತ್ತಿತು. ಉಳಿದ ಇನ್ನೊಂದು ಕುಳ್ಳನ್ನು ದಾನಮ್ಮ ಅದರೊಳಗಿಟ್ಟಳು. ನಾನು ಕಾದು ಕೂತೆ, ವಾಸನೆ ಬರಲೆಂದು. ನಮ್ಮೂರ ಸಂಜೆಯ ವಾಸನೆ ಅದು, ಆಯಿಯ ಸೀರೆಯ ವಾಸನೆ. ಬರಲಿಲ್ಲ. ತಂದೂರಿನ ಬಾಯಿ ಭದ್ರ, ಹೊಗೆಯೆಲ್ಲ ಕೊಳವೆಯಲ್ಲಿ ಮೇಲಕ್ಕೆ. ಕಟ್ಟಿಗೆ ತರುತ್ತೇನೆಂದು ಎದ್ದು ಬಾಗಿಲು ತೆಗೆದೆ. ಹೊಸ್ತಿಲ ಮೇಲೆ ನಿಂತರೆ ಅಲ್ಲಿತ್ತು. ಛಾವಣಿಯಿಂದ ಇಳಿದು ಹಿಮದ ಮೇಲೆ ಹರಡಿದ ಲಚ್ಯಾಣದ ಹೊಗೆ. ಮುಂದೆ ಆ ವಾಸನೆ, ಬೆನ್ನಿಗೆ ಬಿಸಿ. ಗೌರಿ ಒಳಗೆ ಏನೋ ಕೇಳುತ್ತಿದ್ದಳು. ನಾನು ಒಂದು ಕಾಲು ಹೊರಗಿಟ್ಟು, ಒಂದು ಕಾಲು ಒಳಗಿಟ್ಟು ನಿಂತೇ ಇದ್ದೆ.

"ಒಳಗಾರ ಬರ್ರಿ, ಹೊರಗಾರ ಹೋಗ್ರಿ," ಎಂದು ದಾನಮ್ಮ ಕೂಗಿದಳು. "ಹಿಂಗ ಬಾಗಲಾ ತಗದು ನಡಬರಕ ನಿಂತ್ರ ಮನಿ ಬೆಚ್ಚಗ ಹೆಂಗ ಆಗ್ತೈತಿ?"